ಪಿಟೀಲು ಮೇಷ್ಟ್ರ ಕಪ್

ಲಂಡನ್ನಿನ ಟೂಟಿಂಗಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ನಲ್ಲಿಯ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ, ಪಾತ್ರೆ ತೊಳೆಯುವ ಸೋಪಿನ ಬಾಟಲಿಯ ಪಕ್ಕದಲ್ಲಿ, ನೀಲಿ ಅಂಚಿನ ಒಂದು ಪಿಂಗಾಣಿ ಕಪ್ ಬೋರಲಾಗಿ ಇರುತ್ತಿತ್ತು. ಸ್ಟೀಲ್ ಲೋಟಗಳೆಲ್ಲ ಕಪಾಟಿನ ಒಳಗೆ. ಅದೊಂದು ಮಾತ್ರ ಹೊರಗೆ. ಮನೆಯವರು ಯಾರೂ ಅದರಲ್ಲಿ ಕುಡಿಯುತ್ತಿರಲಿಲ್ಲ. ಬಾಯ್ಲರ್ ರಿಪೇರಿಯವನು ಬಂದಾಗ, ಕೌನ್ಸಿಲ್ಲಿನಿಂದ ಯಾರಾದರೂ ಬಂದಾಗ, ಆಸ್ಪತ್ರೆಯಿಂದ ನನ್ನ ಗಂಡನ ಜೊತೆ ಯಾವ ದೇಶದವರೋ ಬಂದಾಗ ಅದು ಕೆಳಗಿಳಿಯುತ್ತಿತ್ತು. ಆಮೇಲೆ ಬೇರೆ ಪಾತ್ರೆಗಳ ಜೊತೆ ಸೇರಿಸದೆ ತೊಳೆದು ಮತ್ತೆ ಅಲ್ಲಿಗೇ ಏರಿಸಬೇಕು. ಇದು ಅತ್ತೆಯವರ ಏರ್ಪಾಡು. ಇದಕ್ಕೆ ಅವರು ಕೊಟ್ಟ ಹೆಸರು ಮಡಿ. ಸಭೆಗಳಲ್ಲಿ ನಾನು ಕೊಡುತ್ತಿದ್ದ ಹೆಸರು ಅಸ್ಪೃಶ್ಯತೆ. ಒಂದೇ ಸೂರಿನಡಿಯ ಈ ಎರಡು ಹೆಸರುಗಳು ಎದುರುಬದುರಾಗದಂತೆ ಕಾಪಾಡಿಕೊಂಡು ಬಂದವಳು ನಾನೇ.

ನಾನು ಓದಿದ್ದು ಮೈಸೂರಿನ ಒಂದು ಸಣ್ಣ ಶಾಲೆಯಲ್ಲಿ. ಅಲ್ಲಿ ಜಾತಿ ಕೇಳುವುದು ತಪ್ಪು, ಹೇಳಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದೆವು, ಸರದಿಯ ಮೇಲೆ ಎಲ್ಲರ ತಟ್ಟೆಗಳನ್ನೂ ತೊಳೆಯುತ್ತಿದ್ದೆವು. ಕಂಡ ಅನ್ಯಾಯವನ್ನು ಹೆಸರು ಹಿಡಿದು ಕರೆಯದಿದ್ದರೆ ನೀವೂ ಅದರ ಪಾಲುದಾರರು ಎಂದು ಮುಖ್ಯೋಪಾಧ್ಯಾಯಿನಿ ಪ್ರಾರ್ಥನೆಯ ನಂತರ ಹೇಳುತ್ತಿದ್ದರು. ಆ ಮಾತನ್ನು ನಾನು ಪೂರ್ತಿ ನಂಬಿದೆ. ಮದುವೆಯಾಗಿ ಲಂಡನ್ನಿಗೆ ಬಂದ ಮೇಲೂ ನಂಬಿದೆ. ನರ್ಸುಗಳ ಸಂಬಳಕ್ಕೆ, ನಿರಾಶ್ರಿತರ ವಸತಿಗೆ, ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಆಡಿಕೊಳ್ಳುವುದರ ವಿರುದ್ಧ ಫಲಕ ಹಿಡಿದು ನಿಂತೆ. ಜಾತಿಯ ತಾರತಮ್ಯ ಹಡಗು, ವಿಮಾನ ಹತ್ತಿ ಈ ದೇಶಕ್ಕೂ ಬಂದಿದೆ, ಅದನ್ನು ಕಾನೂನು ಗುರುತಿಸಬೇಕು ಎಂದು ವಾದಿಸುವ ಚಿಕ್ಕ ಗುಂಪೊಂದನ್ನು ಸೇರಿದೆ. ಫಲಕವನ್ನು ಮನೆಯ ಬಾಗಿಲ ಹಿಂದೆ ಒರಗಿಸಿ ಒಳಗೆ ಬಂದರೆ ಅಡುಗೆಮನೆಯ ಕಿಟಕಿಯಲ್ಲಿ ಆ ಕಪ್.

ಮೇಷ್ಟ್ರು ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಮಗಳಿಗೆ ಪಿಟೀಲು ಕಲಿಸಲು. ಅತ್ತೆಗೆ ಮೊಮ್ಮಗಳು ನಮ್ಮ ಸಂಗೀತ ಕಲಿಯಲಿ ಎಂಬ ಆಸೆ. ವೆಂಬ್ಲಿಯಲ್ಲಿ ಒಬ್ಬರು ಕಲಿಸುತ್ತಾರೆಂದು ಕೇಳಿದ್ದೆವು, ಆದರೆ ಪ್ರತಿ ಶನಿವಾರ ಲಂಡನ್ನಿನ ಆ ತುದಿಗೆ ಹೋಗಿ ಬರುವುದು ಆಗದ ಮಾತು. ನಮ್ಮ ಹೈ ರೋಡಿನ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಒಬ್ಬ ಐರಿಷ್ ಸಂಗೀತಗಾರರು ಬಾಡಿಗೆಗಿದ್ದರು. ಪಾಠ ಹೇಳುತ್ತೇನೆಂದು ಲೈಬ್ರರಿಯ ಬೋರ್ಡಿನಲ್ಲಿ ಚೀಟಿ ಅಂಟಿಸಿದ್ದರು. ಮೊದಲು ಕೈಗೆ ಪಿಟೀಲು ಬರಲಿ ಎಂದು ಅವರನ್ನೇ ಗೊತ್ತು ಮಾಡಿದೆವು. ನಲವತ್ತರ ಹತ್ತಿರದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಆಗಿನ ಲಂಡನ್ನಿನಲ್ಲಿ ಎಲ್ಲೋ ಐರಿಷ್ ಉಗ್ರರ ಬಾಂಬು ಸಿಡಿದ ಸುದ್ದಿ ಬಂದಾಗಲೆಲ್ಲ ಐರಿಷ್ ಉಚ್ಚಾರದ ಗಂಡಸನ್ನು ಕಂಡು ಟ್ಯೂಬ್ ರೈಲಿನಲ್ಲಿ ಜನ ಚೀಲ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ನಮ್ಮ ಪರಿಚಯದ ಒಬ್ಬ ಡಾಕ್ಟರರ ಹೆಂಡತಿ ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಕ್ಷೇಮವೇ ಎಂದು ನನ್ನನ್ನು ಕೇಳಿದರು. ಇದು ಪೂರ್ವಗ್ರಹ ಎಂದು ಅವರಿಗೆ ಉದ್ದವಾಗಿ ತಿಳಿಸಿ ಹೇಳಿದೆ. ಅದೇ ಶನಿವಾರ ಮೇಷ್ಟ್ರು ಬಂದರು, ಪಾಠವಾಯಿತು, ಅತ್ತೆ ಚಹಾ ಕಾಯಿಸಿದರು, ಕಿಟಕಿಯಿಂದ ಕಪ್ ಇಳಿಸಿದರು. ನಾನು ನೋಡಿದೆ, ನೋಡಿ ಬಿಸ್ಕತ್ತಿನ ಡಬ್ಬ ತರಲು ಒಳಗೆ ಹೋದೆ.

ಅವರ ಕಥೆ ನಮಗೆ ಶನಿವಾರಗಳಲ್ಲಿ ಕಂತು ಕಂತಾಗಿ ತಿಳಿಯಿತು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಹಳ್ಳಿ. ಪಿಟೀಲು ಕಲಿಸಿದ್ದು ಅಜ್ಜಿ. ಇಪ್ಪತ್ತರ ಹರೆಯದಲ್ಲಿ ಲಂಡನ್ನಿಗೆ ಬಂದು ಹಗಲು ಕಟ್ಟಡಗಳ ಅಟ್ಟಣಿಗೆ ಕಟ್ಟುವ ಕೆಲಸ, ಸಂಜೆ ಪಬ್ಬಿನ ಮೂಲೆಯ ಮೇಜಿನ ಸುತ್ತ ಕೂತು ವಾದನ. ಅಲ್ಲಿಯೇ ಕೂಡಿದ ಗೆಳೆಯರ ಒಂದು ಬ್ಯಾಂಡ್, ಆ ಬ್ಯಾಂಡಿನ ಒಂದು ಕ್ಯಾಸೆಟ್, ಆ ಕ್ಯಾಸೆಟ್ ಹೊರಬಂದ ವರ್ಷವೇ ಜಗಳ. ಆಮೇಲೆ ಬೇರೆಯವರ ಸಾಕ್ಷ್ಯಚಿತ್ರಗಳಿಗೆ ಹಿನ್ನೆಲೆ ನುಡಿಸುವ ಕೆಲಸ ಸಿಕ್ಕಿತು. ಪರದೆಯ ಮುಂದೆ ಕೂತು ನುಡಿಸುವಾಗ, ಈ ಜನ ಹಾಡು ಮುಗಿಯುವ ಮೊದಲೇ ಚಿತ್ರ ಕತ್ತರಿಸುತ್ತಾರಲ್ಲ ಎಂದು ಅವರಿಗೆ ಕೋಪ ಬರುತ್ತಿತ್ತಂತೆ. ಹಾಡುವವರು ಉಸಿರು ಬಿಡುವ ಕಡೆ ಕತ್ತರಿಸಬೇಕು ಎಂದು ಒಬ್ಬ ನಿರ್ದೇಶಕನಿಗೆ ಹೇಳಿದರಂತೆ. ಹಾಗಾದರೆ ನೀನೇ ಮಾಡು ಎಂದು ಅವನು ಗದರಿದನಂತೆ. ಇವರು ಒಂದು ಹಳೆಯ ಕ್ಯಾಮೆರಾ ಕೊಂಡು ಮಾಡತೊಡಗಿದರು.

ಮೊದಲ ಚಿತ್ರ ಅವರ ಊರಿನ ಕಡೆಯ ಮುದುಕರ ಮೇಲೆ: ಲಂಡನ್ನಿನ ಸುರಂಗ, ಹೆದ್ದಾರಿ, ಕಟ್ಟಡಗಳಿಗೆ ಮಣ್ಣು ಅಗೆದು, ಮದುವೆಯಾಗದೆ, ಊರಿಗೂ ಮರಳದೆ, ಬಾಡಿಗೆ ಕೋಣೆಗಳಲ್ಲಿ ಉಳಿದುಹೋದ ಕೂಲಿಗಾರರು. ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅದನ್ನು ತೋರಿಸಿದಾಗ ನಾನೂ ಹೋಗಿದ್ದೆ. ಐರಿಷರಿಗೆ ಕೋಣೆ ಇಲ್ಲ ಎಂದು ಬರೆದ ಕಿಟಕಿಗಳ ಮುಂದೆ ಪೆಟ್ಟಿಗೆ ಹಿಡಿದು ನಿಂತ ದಿನಗಳನ್ನು ಒಬ್ಬ ಮುದುಕ ನೆನಪಿಸಿಕೊಳ್ಳುತ್ತಾನೆ. ಹೇಳಿ ಮುಗಿಸಿ ಹಾಡುತ್ತಾನೆ. ನನಗೆ ಅಳು ಬಂತು. ಪ್ರದರ್ಶನದ ನಂತರ ಎದ್ದು ನಿಂತು, ಮನುಷ್ಯನನ್ನು ಹೊರಗೆ ನಿಲ್ಲಿಸುವ ಪ್ರತಿಯೊಂದು ಕಿಟಕಿಯೂ ಒಡೆಯಬೇಕು ಎಂದು ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕಣ್ಣು ತೇವವಾಗಿತ್ತು. ನನ್ನ ಮನೆಯ ಕಿಟಕಿ ಆಗ ನನ್ನ ನೆನಪಿಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು.

ಅತ್ತೆಗೂ ಅವರಿಗೂ ನಡುವೆ ಹುಟ್ಟಿದ ಸ್ನೇಹವನ್ನು ನಾನು ಹೇಗೆ ವಿವರಿಸಲಿ? ಅತ್ತೆ ಧಾರವಾಡದವರು. ಮಾವ ತೀರಿಕೊಂಡ ಮೇಲೆ ಮಗನ ಬಳಿ ಬಂದವರು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದುದು ಬಸ್ಸಿಗೆ, ಬ್ರೆಡ್ಡಿಗೆ ಬೇಕಾದಷ್ಟು. ಆದರೆ ಅವರ ಗಂಟಲಲ್ಲಿ ಹಾಡುಗಳ ಕಣಜವಿತ್ತು: ಬೀಸುಕಲ್ಲಿನ ಮುಂದೆ ಹಾಡುವವು, ಬಸುರಿಯನ್ನು ಕೂರಿಸಿ ಹಾಡುವ ಕುಬಸದ ಹಾಡು, ಬಾಣಂತಿಗೆ ನೀರೆರೆಯುವಾಗಿನ ಹಾಡು. ಒಮ್ಮೆ ಪಾಠ ಮುಗಿದು ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಿರುವಾಗ ಅತ್ತೆ ಒಳಗೆ ಸಾರಿನ ಪುಡಿ ಕುಟ್ಟುತ್ತ ಏನೋ ಗುನುಗಿದರು. ಅವರು ಪೆಟ್ಟಿಗೆಯನ್ನು ಮತ್ತೆ ತೆರೆದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಸ್ವರಗಳನ್ನು ಹಿಂಬಾಲಿಸಿದರು. ಅತ್ತೆ ನಿಲ್ಲಿಸಿದರು, ಅವರೂ ನಿಲ್ಲಿಸಿದರು. ಅತ್ತೆ ಮುಂದಿನ ಸಾಲು ಹೇಳಿದರು, ಅವರು ನುಡಿಸಿದರು. ಅತ್ತೆ ನನ್ನ ಕಡೆ ತಿರುಗಿ, "ಇಂವಾ ನಮ್ಮ ಕಡೆ ಹುಟ್ಟಬೇಕಾದಾಂವ, ಹಾದಿ ತಪ್ಪಿ ಅಲ್ಲೆ ಹುಟ್ಯಾನ" ಎಂದರು.

ಅಂದಿನಿಂದ ಪಾಠದ ನಂತರದ ಹೊತ್ತು ಅವರಿಬ್ಬರದಾಯಿತು. ಮೇಷ್ಟ್ರಿಗೊಂದು ಪದ್ಧತಿಯಿತ್ತು. ಯಾರ ಹಾಡನ್ನೇ ಆಗಲಿ, ತಮ್ಮ ಬೆರಳಿಗೆ ಬರುವ ಮೊದಲು ಚಿತ್ರೀಕರಿಸುತ್ತಿರಲಿಲ್ಲ. ಕಲಿಯದೆ ಕ್ಯಾಮೆರಾ ಹಿಡಿದರೆ ಅದು ಕಿತ್ತುಕೊಂಡ ಹಾಗೆ ಎನ್ನುತ್ತಿದ್ದರು. ಹೀಗಾಗಿ ಅತ್ತೆಯ ಹಾಡುಗಳನ್ನು ಕಲಿಯಲು ಅವರಿಗೆ ವರ್ಷಗಳೇ ಹಿಡಿದವು. ಮಗಳು ಪಿಟೀಲು ಬಿಟ್ಟು ಬೇರೆ ಆಸಕ್ತಿಗಳಿಗೆ ಹೋದಳು. ಮೇಷ್ಟ್ರು ಬರುವುದು ನಿಲ್ಲಲಿಲ್ಲ. ಅತ್ತೆ ಅವರಿಗಾಗಿ ಚಕ್ಕುಲಿ ಎತ್ತಿಡುತ್ತಿದ್ದರು. ಒಂದು ಶನಿವಾರ ತಪ್ಪಿಸಿದರೆ ಜ್ವರ ಬಂದಿರಬಹುದೆಂದು ನನ್ನಿಂದ ಫೋನ್ ಮಾಡಿಸುತ್ತಿದ್ದರು. ಇಷ್ಟೆಲ್ಲ ಪ್ರೀತಿಯ ನಡುವೆಯೂ ಚಹಾ ಸುರಿಯುವಾಗ ಪಾತ್ರೆಯನ್ನು ಒಂದು ಗೇಣು ಎತ್ತರ ಹಿಡಿಯುತ್ತಿದ್ದರು. ಕಪ್ಪನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಿದ್ದರು. ಮೇಷ್ಟ್ರು ಕುಡಿದು, ತಾವೇ ಎದ್ದು ಕಪ್ಪನ್ನು ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲಿಡುವುದನ್ನು ಕಲಿತುಬಿಟ್ಟರು. ಅದನ್ನು ಕಂಡು ಅತ್ತೆ ಮೆಚ್ಚಿ, ಶಾಣ್ಯಾ ಇದ್ದಾನ ಎಂದರು. ನನಗೆ ನಾಚಿಕೆಯಾಯಿತು. ನನ್ನ ಗಂಡನಿಗೆ ಅಂದು ಹೇಳಿದೆ. ಅವರು ಆಸ್ಪತ್ರೆಯ ದಣಿವಿನಲ್ಲಿ ಶೂ ಬಿಚ್ಚುತ್ತ, "ಅವ್ವನ ಮಡಿ ಅವ್ವನ ಕೂಡನ ಹೋಗತದ, ಬಿಡು. ನೀ ಊರು ತಿದ್ದು, ಮನಿ ನಾ ನೋಡಕೋತೀನಿ" ಎಂದರು. ಅವರು ನೋಡಿಕೊಳ್ಳಲಿಲ್ಲ. ನಾನೂ ಬಿಟ್ಟೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಆ ಚಿತ್ರ ಸಿದ್ಧವಾಯಿತು. ಲಂಡನ್ನಿನ ಅಡುಗೆಮನೆಗಳಲ್ಲಿ ಹಾಡುವ ಬೇರೆ ಬೇರೆ ದೇಶಗಳ ಹೆಂಗಸರು ಅದರ ವಸ್ತು. ಅದರ ನಡುಮನೆಯಂತೆ ಇದ್ದದ್ದು ಅತ್ತೆಯ ಭಾಗ. ಕನ್ನಡದ ಸಾಲುಗಳನ್ನು ಇಂಗ್ಲಿಷಿಗೆ ತಂದುಕೊಟ್ಟವಳು ನಾನು. ಆದರೆ ನಾನು ನೋಡಿದ್ದು ಹಾಡುಗಳ ತುಣುಕುಗಳನ್ನು ಮಾತ್ರ. ಮೇಷ್ಟ್ರು ತಮ್ಮ ದನಿಯಲ್ಲಿ ಹೇಳಿದ ನಿರೂಪಣೆಯನ್ನು ಕೇಳಿರಲಿಲ್ಲ. ಪೂರ್ತಿ ಚಿತ್ರವನ್ನು ಮೊದಲು ನೋಡಿದ್ದು ಕ್ರೋಯ್ಡನ್ನಿನ ಒಂದು ಬಾಡಿಗೆ ಸಭಾಂಗಣದಲ್ಲಿ, ನಮ್ಮ ಕನ್ನಡದವರೆಲ್ಲ ಸೇರಿದ ಒಂದು ಯುಗಾದಿಯಂದು. ಅತ್ತೆ ಮೊಣಕಾಲು ನೋವಿನಿಂದ ಬಂದಿರಲಿಲ್ಲ. ಹೋಳಿಗೆಯ ಊಟವಾದ ಮೇಲೆ ದೀಪ ಆರಿಸಿದರು.

ಪರದೆಯ ಮೇಲೆ ನಮ್ಮ ಅಡುಗೆಮನೆ ಬಂತು. ಅತ್ತೆ ಕಾಣುವುದಿಲ್ಲ, ಅವರ ದನಿ ಮಾತ್ರ. ಕ್ಯಾಮೆರಾ ಕಿಟಕಿಯ ಕಟ್ಟೆಯ ಮೇಲಿನ ನೀಲಿ ಅಂಚಿನ ಕಪ್ಪಿನ ಮೇಲೆ ನಿಂತಿದೆ. ಬೆಳಗಿನ ಬಿಸಿಲು ಅದರ ಬೆನ್ನಿನ ಮೇಲೆ. ಮೇಷ್ಟ್ರ ದನಿ ಹೇಳುತ್ತದೆ: "ನನ್ನ ಅಜ್ಜಿಯ ಮನೆಯಲ್ಲಿ ಒಂದು ಒಳ್ಳೆಯ ಕಪ್ ಇತ್ತು. ಮನೆಯವರು ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಅದು ಪಾದ್ರಿ ಬಂದರೆ ಪಾದ್ರಿಗೆ, ಪಿಟೀಲು ನುಡಿಸುವವನು ಬಂದರೆ ಅವನಿಗೆ. ಈ ಊರಿಗೆ ಬಂದ ಮೇಲೆ ನನಗೆಂದು ಬೇರೆಯಾಗಿ ಎತ್ತಿಟ್ಟ ಕಪ್ ಇರುವುದು ಇದೊಂದೇ ಮನೆಯಲ್ಲಿ."

ಸಭಾಂಗಣದ ಕತ್ತಲಲ್ಲಿ ಸಣ್ಣದೊಂದು ಗದ್ದಲ ಹರಿಯಿತು. ಯಾರೋ ಮೂಗಿನಿಂದ ನಕ್ಕರು. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಕಪ್ ಏನೆಂದು ಗೊತ್ತಿತ್ತು. ಹೇಳಿದವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಮುಂದಿನ ಸಾಲಿನಲ್ಲಿ, ಯಾರೋ ಹೊದಿಸಿದ ಶಾಲು ಹೊದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನನ್ನ ಪಕ್ಕದಲ್ಲಿದ್ದ ಬೆಂಗಳೂರಿನ ಡಾಕ್ಟರಮ್ಮ ನನ್ನ ಕೈ ಒತ್ತಿ, ಪಾಪ ಎಂದು ಪಿಸುಗುಟ್ಟಿದರು. ದೀಪ ಹತ್ತಿದ ಮೇಲೆ, ನಿವೃತ್ತರಾದ ಹಿರಿಯ ಸರ್ಜನ್ ಒಬ್ಬರು ಕಾಫಿ ಹಿಡಿದು ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ಏನಮ್ಮಾ, ಲೋಕಕ್ಕೆಲ್ಲ ಬುದ್ಧಿ ಹೇಳ್ತೀಯ, ನಿಮ್ಮನೇಲೂ ಸಪರೇಟ್ ಲೋಟಾನೇ? ಸದ್ಯ, ನಮ್ಮವರೇ ಅಂತ ಇವತ್ತು ಸಮಾಧಾನ ಆಯ್ತು" ಎಂದರು. ಸುತ್ತಲಿನವರು ನಕ್ಕರು. ಆ ನಗುವಿನಲ್ಲಿ ಕೆಟ್ಟತನವಿರಲಿಲ್ಲ, ನನ್ನನ್ನು ಒಳಕ್ಕೆ ಸೇರಿಸಿಕೊಳ್ಳುವ ಸಲಿಗೆಯಿತ್ತು. ಬೇರೆ ಯಾವ ನಗುವಿನಿಂದಲೂ ನಾನು ಅಷ್ಟು ಅವಮಾನಿತಳಾದದ್ದಿಲ್ಲ.

ಇದಾದ ಕೆಲವೇ ವಾರಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಚಿತ್ರವನ್ನು ಟೀವಿಯಲ್ಲಿ ತೋರಿಸಲು ಒಪ್ಪಿಗೆ ಸಿಕ್ಕಿತು. ಅದು ಮೇಷ್ಟ್ರ ಬದುಕಿನಲ್ಲಿ ಮೊದಲ ಸಲ. ಕೊನೆಯ ತಿದ್ದುಪಡಿಗಳಿಗೆ ಸ್ವಲ್ಪ ಕಾಲವಿತ್ತು. ಜೊತೆಗೆ, ಚಿತ್ರದ ಸುದ್ದಿ ಜಾತಿಯ ಕಾನೂನಿಗಾಗಿ ವಾದಿಸುವ ನಮ್ಮ ಗುಂಪಿಗೂ ತಲುಪಿತು. ಗುಂಪನ್ನು ನಡೆಸುತ್ತಿದ್ದಾಕೆ ಪಂಜಾಬಿನ ದಲಿತ ಕುಟುಂಬದ ಮಗಳು. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿಯೇ ಜಾತಿ ಕೇಳಿಸಿಕೊಂಡು ಬೆಳೆದವಳು. ಆ ದೃಶ್ಯವನ್ನು ನಮಗೆ ಕೊಡಿಸು, ಕಾನೂನು ಮಾಡುವವರ ಮುಂದೆ ಇಡೋಣ ಎಂದಳು. ಬಿಳಿಯ ಮನುಷ್ಯನಿಗೇ ಹೀಗಾದರೆ ನನ್ನ ಅಮ್ಮನಿಗೆ ಏನಾದೀತು ಎಂದು ಅವರು ಯೋಚಿಸಲಿ ಎಂದಳು. ಅವಳು ಹೇಳಿದ್ದು ಸರಿಯಿತ್ತು. ಅದನ್ನು ಕೇಳುತ್ತಿದ್ದಾಗ ನನಗೆ ಇನ್ನೊಂದು ಹೊಳೆಯಿತು: ಇಷ್ಟು ವರ್ಷಗಳ ಗೆಳತಿಯಾದ ಇವಳನ್ನು ನಾನು ಯಾವಾಗಲೂ ಹೈ ರೋಡಿನ ಕೆಫೆಗಳಲ್ಲಿಯೇ ಭೇಟಿಯಾಗಿದ್ದೆ. ಮನೆಗೆ ಕರೆದಿರಲಿಲ್ಲ. ಕರೆಯದಿರಲು ಕಾರಣವೇನೆಂದು ಅವಳು ಕೇಳಿರಲಿಲ್ಲ. ಪ್ರಾಯಶಃ ಕೇಳುವ ಅಗತ್ಯ ಅವಳಿಗಿರಲಿಲ್ಲ.

ಹಾಗೆ ಆ ಒಂದು ವಾಕ್ಯ ನನ್ನ ಎದೆಯ ಮೇಲೆ ಕೂತಿತು. ಸುಮ್ಮನಿದ್ದರೆ ಅದು ದೇಶಕ್ಕೆಲ್ಲ ಕೇಳಿಸುತ್ತದೆ. ನಮ್ಮ ಜನ ಎಲ್ಲೆಲ್ಲೂ ಸೋಫಾಗಳ ಮೇಲೆ ಕೂತು ಮೇಷ್ಟ್ರನ್ನು ನೋಡಿ ನಗುತ್ತಾರೆ, ಒಂದು ಅನ್ಯಾಯ ಗೌರವದ ಹೆಸರಿನಲ್ಲಿ ಉಳಿದುಕೊಳ್ಳುತ್ತದೆ. ಹೇಳಿದರೆ, ಈ ಊರಿನಲ್ಲಿ ತನ್ನದೆಂದುಕೊಂಡ ಒಂದೇ ಮನೆಯನ್ನು ಆ ಮನುಷ್ಯನಿಂದ ಕಿತ್ತುಕೊಂಡಂತೆ. ಹೇಳಬೇಕೆಂದು ಶಾಲೆ ಕಲಿಸಿತ್ತು. ನಾನು ದಿನಗಳನ್ನು ದೂಡಿದೆ.

ಕೊನೆಗೆ ಅಡಿಬರಹಗಳನ್ನು ಸರಿನೋಡಲು ಅವರೇ ಕರೆದರು. ಲಾಂಡ್ರಿಯ ಮೇಲಿನ ಅದೇ ಕೋಣೆ. ಕೆಳಗಿನ ಯಂತ್ರಗಳ ಗುಂಯ್‌ಗುಡುವಿಕೆ ನೆಲದಿಂದ ಕಾಲಿಗೆ ಏರುತ್ತಿತ್ತು. ಕಂಪ್ಯೂಟರಿನ ಮುಂದೆ ನನಗೆ ಕುರ್ಚಿ ಹಾಕಿ, ತಾವು ಮಂಚದ ಅಂಚಿನಲ್ಲಿ ಕೂತರು. ಕಿಟಕಿಯ ದೃಶ್ಯ ಬಂದಾಗ ನಿಲ್ಲಿಸಲು ಹೇಳಿದೆ. ಆ ಕಪ್ಪನ್ನು ಯಾಕೆ ಹೊರಗಿಡುತ್ತಾರೆಂದು, ಮಾಂಸ ತಿನ್ನುವವರ, ಹೊರಗಿನವರ ಎಂಜಲು ಮನೆಯ ಪಾತ್ರೆಗೆ ತಾಗಬಾರದೆಂಬ ನಿಯಮವನ್ನು, ಪಾಠ ಹೇಳುವ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

"ಬೇರೆ ಯಾರಾದರೂ ಅದರಲ್ಲಿ ಕುಡಿದಿದ್ದಾರಾ?" ಎಂದು ಕೇಳಿದರು.

ಬಾಯ್ಲರ್ ರಿಪೇರಿಯವನು ಎಂದೆ.

"ಅವನೂ ಕೆಲಸಗಾರನೇ. ಸಂಗ ಕೆಟ್ಟದ್ದಲ್ಲ" ಎಂದು ನಕ್ಕರು. ನಗು ಬೇಗ ಮುಗಿಯಿತು. "ನಾನು ತೊಳೆದಿಡುತ್ತಿದ್ದೆ. ಆಮೇಲೆ?"

"ನೀವು ಹೋದ ಮೇಲೆ ಇನ್ನೊಂದು ಸಲ ತೊಳೆಯುತ್ತಿದ್ದೆವು."

"ಯಾರು?"

"ಹೆಚ್ಚಾಗಿ ನಾನೇ."

ಅವರು ತಲೆಯಾಡಿಸಿದರು. ನಾನು ನನಗೆ ಗೊತ್ತಿದ್ದ ಭಾಷೆಗೆ ಓಡಿದೆ: ಇದು ವ್ಯವಸ್ಥೆಯ ತಪ್ಪು, ಈ ದೃಶ್ಯವನ್ನು ನಮ್ಮ ಗುಂಪಿಗೆ ಕೊಟ್ಟರೆ ಒಂದು ಸಾಕ್ಷಿಯಾಗುತ್ತದೆ, ನಿಮಗಾದ ಅನ್ಯಾಯ ಇನ್ನೊಬ್ಬರಿಗೆ ಆಗದಂತೆ ತಡೆಯಬಹುದು. ಅವರು ಕೊಡಲಿಲ್ಲ. ಅಜ್ಜಿ ನನ್ನ ಕ್ಯಾಮೆರಾದ ಮುಂದೆ ಹಾಡಲು ಕೂತರು, ಹೇಳಿಕೆ ಕೊಡಲು ಅಲ್ಲ ಎಂದರು. ಮಗಳು ಕರೆಯುತ್ತಿದ್ದಂತೆ ಅವರೂ ಅತ್ತೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಹೊರಡಲು ನಾನು ಎದ್ದಾಗ ಬಾಗಿಲವರೆಗೆ ಬಂದು, "ಅನ್ಯಾಯ ನನಗಾಗಿದ್ದರೆ ದೂರು ಕೂಡ ನನ್ನದು. ಅದನ್ನು ಏನು ಮಾಡಬೇಕೋ ನನಗೆ ಬಿಡು" ಎಂದರು. ಒರಟಾಗಿ ಹೇಳಲಿಲ್ಲ. ನನ್ನ ಛತ್ರಿಯನ್ನು ಮರೆತಿದ್ದೆ. ಅದನ್ನು ತಂದು ಕೈಗೆ ಕೊಟ್ಟರು.

ಗುಂಪಿನ ಗೆಳತಿಗೆ ಅವರು ಕೊಡುವುದಿಲ್ಲವೆಂದು ತಿಳಿಸಿದೆ. ಹಾಗಾದರೆ ನಿನ್ನ ಮನೆಯ ಮಾತನ್ನು ನಿನ್ನ ಬಾಯಿಂದಲೇ ಹೇಳು ಎಂದಳು. ಯೋಚಿಸುತ್ತೇನೆ ಎಂದೆ. ಆಮೇಲೆ ನಡೆದ ಸಭೆಯಲ್ಲಿ ನಾನು ಮಾತಾಡಿದೆ. ಹಲವು ಮನೆಗಳ ಉದಾಹರಣೆ ಕೊಟ್ಟೆ. ಯಾವುದೂ ನನ್ನ ಮನೆಯದಾಗಿರಲಿಲ್ಲ.

ಶನಿವಾರ ಬಂತು, ಮೇಷ್ಟ್ರು ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಅತ್ತೆ ಚಹಾದ ನೀರಿಟ್ಟು, ಇಳಿಸಿ, ಮತ್ತೆ ಇಟ್ಟರು. ಅಂವಗ ಮೈಯಾಗ ಹುಷಾರದನೋ ಇಲ್ಲೋ ಎಂದು ನನ್ನನ್ನು ಫೋನಿನ ಹತ್ತಿರ ಕಳಿಸಿದರು. ಟೀವಿಯ ಕೆಲಸ ಹೆಚ್ಚಾಗಿದೆಯಂತೆ ಎಂದೆ. ಅತ್ತೆ ನಂಬಿದರು. ಚಕ್ಕುಲಿಯ ಡಬ್ಬಕ್ಕೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿ, ಮೆತ್ತಗಾಗದಂತೆ ಮೇಲಿಟ್ಟರು.

ಚಿತ್ರ ಪ್ರಸಾರವಾದದ್ದು ಒಂದು ಭಾನುವಾರದ ಮಧ್ಯಾಹ್ನ. ಅತ್ತೆ ಇಳಕಲ್ ಸೀರೆ ಉಟ್ಟು, ಯಾರೋ ತಮ್ಮನ್ನು ನೋಡಲು ಬರುವವರಿದ್ದಾರೆಂಬಂತೆ ಸೋಫಾದ ಅಂಚಿನಲ್ಲಿ ಕೂತರು. ಯುಗಾದಿಯ ಪ್ರದರ್ಶನಕ್ಕೆ ಅವರು ಬಂದಿರಲಿಲ್ಲವಾದರೂ, ಮೇಷ್ಟ್ರು ಮನೆಗೆ ಡಿವಿಡಿ ತಂದುಕೊಟ್ಟಿದ್ದರು. ಅದನ್ನು ಅತ್ತೆ ಮೊಮ್ಮಗಳಿಂದ ಹಾಕಿಸಿಕೊಂಡು ಮತ್ತೆ ಮತ್ತೆ ನೋಡಿ, ಎಲ್ಲಿ ಯಾರು ಬರುತ್ತಾರೆಂದು ಬಾಯಿಪಾಠ ಮಾಡಿದ್ದರು. ಇಂಗ್ಲಿಷ್ ಮಾತು ತಿಳಿಯದಿದ್ದರೂ ದನಿಯ ಏರಿಳಿತ ಗೊತ್ತಿತ್ತು. ನಮ್ಮ ಅಡುಗೆಮನೆ ಬಂತು. ಕಿಟಕಿ ಬಂತು. ಬಿಸಿಲು ಬಿದ್ದ ಕಪ್ ಬಂತು. ಮೇಷ್ಟ್ರ ದನಿ ಬರಲಿಲ್ಲ. ದೃಶ್ಯವನ್ನು ಅವರು ಒಂದಿಷ್ಟೂ ಕತ್ತರಿಸಿರಲಿಲ್ಲ. ತಮ್ಮ ಮಾತನ್ನು ಮಾತ್ರ ತೆಗೆದಿದ್ದರು. ಅತ್ತೆಯ ಹಾಡು ನಡೆಯುತ್ತಿದೆ, ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ, ಕಪ್ ಇದೆ. ಬೇರೆ ಏನೂ ಇಲ್ಲ. ಹಾಡಿನಲ್ಲಿ ಅತ್ತೆ ಉಸಿರು ಬಿಟ್ಟ ಕಡೆ ಚಿತ್ರ ಮುಂದಕ್ಕೆ ಹೋಯಿತು.

ಅತ್ತೆ ನನ್ನ ಕಡೆ ತಿರುಗಿದರು. "ಇಲ್ಲೆ ಅಂವಾ ಏನೋ ಅಂತಿದ್ದನಲ್ಲಾ. ಈಗ ಯಾಕ ಸುಮ್ಮನಾಗ್ಯಾನ?"

ನನ್ನ ಗಂಡ ಟೀವಿಯ ದನಿ ತಗ್ಗಿಸಿದರು. ಹೇಳಿಬಿಡು ಎಂಬಂತೆಯೂ ಬೇಡ ಎಂಬಂತೆಯೂ ನನ್ನನ್ನು ನೋಡಿದರು. ಮೇಷ್ಟ್ರು ಅಲ್ಲಿ ಏನು ಹೇಳುತ್ತಿದ್ದರು ಎಂಬುದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಪಾದ್ರಿಯ ಕಪ್ಪಿನ ಬಗ್ಗೆ ಹೇಳಿದೆ, ಈ ಊರಿನಲ್ಲಿ ನನಗೆಂದು ಎತ್ತಿಟ್ಟ ಒಂದೇ ಕಪ್ ಎಂಬುದನ್ನು ಹೇಳಿದೆ. ಅತ್ತೆಯ ಮುಖದ ಮೇಲೆ ಮೊದಲು ಸಂತೋಷ ಬಂತು. ಅದು ಅಲ್ಲಿ ನಿಲ್ಲಲಿಲ್ಲ. ನಾನು ನೋಡುತ್ತಿದ್ದಂತೆಯೇ ಇಳಿದುಹೋಯಿತು.

"ಮತ್ತ ಅದನ್ನ ಯಾಕ ತಗದಾ? ನೀ ಹೇಳಿದಿ ಏನು ಅಂವಗ?"

"ಹೇಳಿದೆ ಅತ್ತೆ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಮಡಿಯ ಪರವಾದ ವಾದಕ್ಕೂ ಸಿದ್ಧಳಾಗಿದ್ದೆ. ಅದಕ್ಕೆ ಉತ್ತರಗಳು ಎಷ್ಟೋ ವರ್ಷಗಳಿಂದ ನನ್ನ ಬಳಿ ಸಾಲಾಗಿ ನಿಂತಿದ್ದವು. ಅತ್ತೆ ವಾದಿಸಲಿಲ್ಲ.

"ನನಗ ಮೊದಲ ಹೇಳಬೇಕಿತ್ತು" ಎಂದರು. "ನಾ ಕೇಳತಿದ್ದೆನೋ ಇಲ್ಲೋ, ಅದು ಬ್ಯಾರೆ ಮಾತು. ಊರಾಗೆಲ್ಲಾ ಹೇಳಿ, ಅಂವಗೂ ಹೇಳಿ. ಇಷ್ಟು ವರ್ಷ ನನ್ನ ಕೂಡ ಒಂದ ಒಲಿ ಮುಂದ ನಿಂತಿ, ನನಗ ಹೇಳಲಿಲ್ಲ ನೋಡು ನೀ."

ಎದ್ದು ದೇವರ ಮುಂದೆ ಹೋಗಿ ಕೂತರು. ಚಿತ್ರದ ಉಳಿದ ಭಾಗವನ್ನು ಯಾರೂ ನೋಡಲಿಲ್ಲ.

ನಾನು ಅನೇಕ ಅನ್ಯಾಯಗಳನ್ನು ಹೆಸರಿಟ್ಟು ಕರೆದಿದ್ದೇನೆ. ಅಂದು ಅತ್ತೆ ಹೆಸರಿಸಿದ್ದನ್ನು ನಾನು ಯಾವ ಪಟ್ಟಿಯಲ್ಲೂ ಸೇರಿಸಿರಲಿಲ್ಲ. ಬದಲಾಗಲಾರಳು ಎಂದು ಒಬ್ಬ ಹೆಂಗಸನ್ನು ತೀರ್ಮಾನಿಸಿ, ಅವಳೊಂದಿಗೆ ಮಾತಾಡುವುದನ್ನೇ ಬಿಟ್ಟು, ಅವಳಂಥವರ ಬಗ್ಗೆ ಮಾತ್ರ ಸಭೆಗಳಲ್ಲಿ ಮಾತಾಡಿದ್ದೆ. ಇದೂ ಒಂದು ಬಗೆಯ ಹೊರಗಿಡುವಿಕೆ. ಬರೆದರೆ ಇದು ಚೆನ್ನಾಗಿ ಜೋಡಿಸಿದ ವಾಕ್ಯದಂತೆ ಕಾಣುತ್ತದೆ. ಅಂದು ಮಾತ್ರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ.

ಮೇಷ್ಟ್ರು ಬೇಸಿಗೆಯ ಕೊನೆಯಲ್ಲಿ ಬಂದರು. ಚಿತ್ರ ಅಷ್ಟರಲ್ಲಿ ಹೊರದೇಶಗಳ ಉತ್ಸವಗಳಿಗೂ ಹೋಗಿ ಬಂದಿತ್ತು. ಇನ್ನು ಅಟ್ಟಣಿಗೆ ಹತ್ತಬೇಕಾಗಿಲ್ಲ, ಮುಂದಿನ ಚಿತ್ರಕ್ಕೆ ಹಣ ಕೊಡುತ್ತಾರಂತೆ ಎಂದು ಸಂಕೋಚದಿಂದ ಹೇಳಿದರು. ಅತ್ತೆ ಅವರನ್ನು ಕೂರಿಸಿದರು. ಯಾಕೆ ಬರಲಿಲ್ಲವೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಹಾ ಕುದಿಯಿತು. ಅತ್ತೆ ಈ ಸಲ ಸುರಿಯಲಿಲ್ಲ. ಚಹಾದ ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟರು. ಕಪಾಟು ತೆರೆದು ಸ್ಟೀಲ್ ಲೋಟಗಳನ್ನು ತಂದು ಪಕ್ಕದಲ್ಲಿಟ್ಟರು. "ಮಾಸ್ತರ, ನಿಮಗ ಬೇಕಾದ್ದರಾಗ ಹಾಕ್ಕೋರಿ" ಎಂದು ಸೆರಗು ಹೊದ್ದುಕೊಂಡು ನಿಂತರು. ಮಾತು ಕನ್ನಡದಲ್ಲಿತ್ತು, ಅನುವಾದ ಬೇಕಾಗಲಿಲ್ಲ.

ಅವರು ಲೋಟಗಳನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಎದ್ದು, ನಲ್ಲಿಯ ಹಿಂದೆ ಕೈ ಚಾಚಿ ಕಿಟಕಿಯ ಕಟ್ಟೆಯಿಂದ ನೀಲಿ ಅಂಚಿನ ಕಪ್ಪನ್ನು ಇಳಿಸಿಕೊಂಡರು. ನಮ್ಮಿಂದ ಕಲಿತ ಕೆಲವೇ ಕನ್ನಡ ಪದಗಳಲ್ಲಿ ಒಂದನ್ನು ಬಳಸಿ, "ನನ್ನದು" ಎಂದರು. ಅದು ಕ್ಷಮೆಯೋ, ಹಟವೋ, ಬರಿಯ ಅಭ್ಯಾಸವೋ ನನಗೆ ಇಂದಿಗೂ ತಿಳಿದಿಲ್ಲ. ಅತ್ತೆ ತಲೆ ತಗ್ಗಿಸಿ ಚಕ್ಕುಲಿಯ ಡಬ್ಬದ ಬಟ್ಟೆಯ ಗಂಟು ಬಿಚ್ಚತೊಡಗಿದರು. ಗಂಟು ಬೇಗ ಬಿಚ್ಚಲಿಲ್ಲ. ಅಂದು ಹಾಡು ಆಗಲಿಲ್ಲ. ಮೇಷ್ಟ್ರು ಪಿಟೀಲು ತಂದಿರಲಿಲ್ಲ.

ಅವರು ಹೋದ ಮೇಲೆ ಲೋಟಗಳನ್ನೂ ಕಪ್ಪನ್ನೂ ಒಂದೇ ನೀರಿನಲ್ಲಿ ತೊಳೆದೆ. ಅತ್ತೆ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತು ಲೋಟಗಳನ್ನು ಒಂದೊಂದಾಗಿ ಒರೆಸಿದರು. ಲೋಟಗಳು ಕಪಾಟಿಗೆ ಹೋದವು. ಕಪ್ ನನ್ನ ಕೈಯಲ್ಲಿ ಉಳಿಯಿತು. ಕಪಾಟಿನ ಒಳಗಿಡಲು ನನಗೇನು ಅಡ್ಡಿಯಿತ್ತು? ಆದರೂ ಅತ್ತೆಯ ಮುಖ ನೋಡಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಲೋಟಗಳನ್ನು ಒರೆಸಿದ ಬಟ್ಟೆಯಿಂದಲೇ, ಮೊದಲ ಸಲ, ಅದನ್ನೂ ನಿಧಾನವಾಗಿ ಒರೆಸಿದರು. ಕಿಟಕಿಯನ್ನೂ ನೋಡಿದರು, ಕಪಾಟನ್ನೂ ನೋಡಿದರು. ಕೊನೆಗೆ ಮೇಜಿನ ನಡುವೆ, ಬೋರಲಾಗಿಸದೆ, ನೆಟ್ಟಗೆ ಇಟ್ಟು ಕೋಣೆಗೆ ಹೋದರು. ಅಂದಿನ ಊಟವನ್ನು ನಾವು ಅದರ ಸುತ್ತ ತಟ್ಟೆಗಳನ್ನಿಟ್ಟುಕೊಂಡು ಮಾಡಿದೆವು. ಅದನ್ನು ಸರಿಸಲು ಯಾರೂ ಕೈ ಚಾಚಲಿಲ್ಲ.